ಬಜ್ಜಿ ಕೆಡುವುದು ನೀರಿನಿಂದ: ಮನೆಯಲ್ಲೇ ಗರಿಗರಿ ಬಜ್ಜಿ, ಪಕೋಡ ಮಾಡುವ ಬಗೆ

ನಾನು ಮೊದಲ ಸಲ ಮಾಡಿದ ಹೀರೇಕಾಯಿ ಬಜ್ಜಿಯನ್ನು ಮನೆಯವರೆಲ್ಲ ಚಮಚದಲ್ಲಿ ತಿಂದರು. ಕೈಯಲ್ಲಿ ಹಿಡಿದರೆ ಹಿಟ್ಟಿನ ಹೊದಿಕೆ ಒಂದು ಕಡೆ, ಹೀರೇಕಾಯಿ ಇನ್ನೊಂದು ಕಡೆ. ಕಚ್ಚಿದರೆ ಬಾಯಿಗೆ ಬಿಸಿನೀರು, ಅದರ ಹಿಂದೆಯೇ ಎಣ್ಣೆ. ಅಜ್ಜಿ ತಟ್ಟೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಹೋಳು ಒರೆಸಿದ್ಯೇನೇ?" ಒರೆಸಿರಲಿಲ್ಲ. ತೊಳೆದು, ಹೆಚ್ಚಿ, ಹಾಗೇ ಹಿಟ್ಟಿಗೆ ಅದ್ದಿದ್ದೆ.

ಆಮೇಲೆ ಎಷ್ಟೋ ಬಾಣಲೆ ಎಣ್ಣೆ ಕಾಯಿಸಿದ್ದೇನೆ. ಅಳತೆ ಬದಲಾಯಿಸಿ ನೋಡಿದ್ದೇನೆ, ಹಿಟ್ಟು ಬದಲಾಯಿಸಿ ನೋಡಿದ್ದೇನೆ. ಕೊನೆಗೆ ಅಜ್ಜಿಯ ಪ್ರಶ್ನೆಗೇ ಬಂದು ನಿಂತೆ. ಬಜ್ಜಿ ಕರಿಯುವುದು ಅಂದರೆ ನೀರನ್ನು ನಿಭಾಯಿಸುವುದು. ತರಕಾರಿಯ ಮೈಮೇಲಿನ ನೀರು, ಒಳಗಿನ ನೀರು, ಹಿಟ್ಟಿಗೆ ಹಾಕುವ ನೀರು, ಎಣ್ಣೆಯಲ್ಲಿ ಆವಿಯಾಗಿ ಹೋಗಬೇಕಾದ ನೀರು. ಇವುಗಳ ಲೆಕ್ಕ ಸಿಕ್ಕರೆ ಯಾವ ತರಕಾರಿಯ ಬಜ್ಜಿಯಾದರೂ ಬರುತ್ತದೆ. ಹಾಗಾಗಿ ಈ ಲೇಖನದಲ್ಲಿ ಮಸಾಲೆಯ ಮಾತು ಕಡಿಮೆ, ನೀರಿನ ಮಾತು ಜಾಸ್ತಿ.

ಹೆಸರುಗಳ ಗೊಂದಲ ಮೊದಲು ಮುಗಿಸೋಣ. ಹೋಳು ಮಾಡಿ, ಹಿಟ್ಟಲ್ಲಿ ಅದ್ದಿ ಕರಿದರೆ ಬಜ್ಜಿ. ಪಲ್ಯದಂಥದ್ದನ್ನು ಉಂಡೆ ಕಟ್ಟಿ ಅದ್ದಿದರೆ ಬೋಂಡ. ಹೆಚ್ಚಿದ ಈರುಳ್ಳಿಯನ್ನೋ ಸೊಪ್ಪನ್ನೋ ಹಿಟ್ಟಿನ ಜೊತೆಗೇ ಕಲಸಿ ಉದುರಿಸಿದರೆ ಪಕೋಡ. ಕರಾವಳಿಯವರು ಬಜ್ಜಿಗೆ ಪೋಡಿ ಅನ್ನುತ್ತಾರೆ. ಹುಬ್ಬಳ್ಳಿ, ಧಾರವಾಡದ ಕಡೆ ಭಜಿ, ಮಿರ್ಚಿ. ಗೋಳಿಬಜೆಯನ್ನು ನಾನು ಇಲ್ಲಿ ಸೇರಿಸುತ್ತಿಲ್ಲ. ಅದು ಮೈದಾ, ಮೊಸರಿನ ವ್ಯವಹಾರ, ಅದರ ದಾರಿಯೇ ಬೇರೆ.

ಹಿಟ್ಟು

ಬಜ್ಜಿಗೆ ಬೇಕಾದದ್ದು ಕಡಲೆಬೇಳೆ ಬೀಸಿದ ಕಡಲೆಹಿಟ್ಟು. ಹುರಿಗಡಲೆ ಪುಡಿ ಅಲ್ಲ. ಹೊಸದಾಗಿ ಅಡುಗೆ ಕಲಿಯುವವರು ಎರಡೂ ಒಂದೇ ಅಂದುಕೊಳ್ಳುವುದುಂಟು. ಹುರಿಗಡಲೆಗೆ ತರಕಾರಿಯನ್ನು ಹಿಡಿದುಕೊಳ್ಳುವ ಜಿಗುಟು ಸಾಲದು.

ಹಿಟ್ಟು ತಾಜಾ ಇದೆಯಾ ಅಂತ ಮೂಸಿ ನೋಡಿ. ಡಬ್ಬದಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟಿಗೆ ಒಂದು ಬಗೆಯ ಕಮಟು ವಾಸನೆ ಇರುತ್ತದೆ, ಕರಿದ ಮೇಲೂ ಅದು ಹೋಗುವುದಿಲ್ಲ. ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಸ್ವಲ್ಪ ತರಿ ಇರುತ್ತದೆ, ಪ್ಯಾಕೆಟ್ ಹಿಟ್ಟು ನುಣ್ಣಗಿರುತ್ತದೆ. ನನಗೆ ಪಕೋಡಕ್ಕೆ ಗಿರಣಿ ಹಿಟ್ಟು ಇಷ್ಟ, ಬಜ್ಜಿಗೆ ಯಾವುದಾದರೂ ಸರಿ. ಎರಡನ್ನೂ ಜರಡಿ ಹಿಡಿಯಲೇಬೇಕು. ಕಡಲೆಹಿಟ್ಟು ಬೇಗ ಗಂಟು ಕಟ್ಟುತ್ತದೆ. ಆ ಗಂಟನ್ನು ಬೆರಳಲ್ಲಿ ಒಡೆಯುತ್ತಾ ಕೂತರೆ ಅಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿರುತ್ತದೆ.

ಮೂರ್ನಾಲ್ಕು ಜನಕ್ಕೆ ಸಾಕಾಗುವ ಅಳತೆ ಹೇಳುತ್ತೇನೆ. 200 ಮಿಲಿ ಹಿಡಿಯುವ ಲೋಟದಲ್ಲಿ ಒಂದು ಲೋಟ ಕಡಲೆಹಿಟ್ಟು, ಎರಡು ದೊಡ್ಡ ಚಮಚ ಅಕ್ಕಿಹಿಟ್ಟು, ಒಂದು ಚಿಕ್ಕ ಚಮಚ ಅಚ್ಚಖಾರದ ಪುಡಿ, ಅರ್ಧ ಚಿಕ್ಕ ಚಮಚ ಓಮ, ಎರಡು ಚಿಟಿಕೆ ಇಂಗು, ಮುಕ್ಕಾಲು ಚಿಕ್ಕ ಚಮಚ ಉಪ್ಪು. ಓಮವನ್ನು ಅಂಗೈಯಲ್ಲಿ ತಿಕ್ಕಿ ಹಾಕಿದರೆ ಘಮ ಬಿಡುತ್ತದೆ.

ಅಕ್ಕಿಹಿಟ್ಟು ಗರಿಗೆ. ಬರೀ ಕಡಲೆಹಿಟ್ಟಿನ ಬಜ್ಜಿ ಬಾಣಲೆಯಿಂದ ತೆಗೆದಾಗ ಚೆನ್ನಾಗಿರುತ್ತದೆ, ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಾಗಂತ ಅಕ್ಕಿಹಿಟ್ಟು ಜಾಸ್ತಿ ಸುರಿದರೆ ಹೊದಿಕೆ ಗಟ್ಟಿಯಾಗಿ ಚಕ್ಕುಲಿ ಕಡಿದ ಹಾಗಾಗುತ್ತದೆ. ಐದು ಪಾಲು ಕಡಲೆಹಿಟ್ಟಿಗೆ ಒಂದು ಪಾಲು ಅಕ್ಕಿಹಿಟ್ಟು, ಅದಕ್ಕಿಂತ ಮೇಲೆ ಹೋಗಬೇಡಿ.

ಈಗ ಸೋಡಾ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಬಜ್ಜಿ ಉಬ್ಬಲಿ ಅಂತ ಅರ್ಧ ಚಮಚ ಅಡುಗೆ ಸೋಡಾ ಹಾಕುವವರನ್ನು ನೋಡಿದ್ದೇನೆ. ಉಬ್ಬುತ್ತದೆ, ನಿಜ. ಆದರೆ ಹೊದಿಕೆಯ ತುಂಬ ತೂತು ಬಿದ್ದು ಆ ತೂತುಗಳಲ್ಲಿ ಎಣ್ಣೆ ಕೂರುತ್ತದೆ. ಬಾಯಲ್ಲಿ ಸೋಪಿನ ರುಚಿ. ಬಣ್ಣವೂ ಬೇಗ ಕಪ್ಪಾಗುತ್ತದೆ. ಒಂದು ಲೋಟ ಹಿಟ್ಟಿಗೆ ಒಂದು ಚಿಟಿಕೆ ಸಾಕು. ಮೆಣಸಿನಕಾಯಿ ಬಜ್ಜಿಗೆ, ಬೋಂಡಕ್ಕೆ ಆ ಚಿಟಿಕೆ ಇರಲಿ, ಬಾಳೆಕಾಯಿಗೆ ನಾನು ಅದನ್ನೂ ಹಾಕುವುದಿಲ್ಲ. ಹಿಟ್ಟಿಗೆ ಅರಿಸಿನ ಹಾಕುವ ಅಭ್ಯಾಸವಿದ್ದರೆ ಸೋಡಾ ಜಾಸ್ತಿಯಾದದ್ದು ಕಣ್ಣಿಗೇ ಕಾಣುತ್ತದೆ. ಸೋಡಾ ಕ್ಷಾರ, ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ. ಕುಂಕುಮ ಮಾಡುವಾಗ ಅರಿಸಿನಕ್ಕೆ ಸುಣ್ಣ ಬೆರೆಸುತ್ತಾರಲ್ಲ, ಅದೇ ಸಂಗತಿ. ಕಲಸಿದ ಹಿಟ್ಟು ಹಳದಿಯಿಂದ ಕೆಂಪಿಗೆ ತಿರುಗಿದರೆ ಇನ್ನೊಂದಿಷ್ಟು ಕಡಲೆಹಿಟ್ಟು ಸೇರಿಸಿ ಸರಿಮಾಡಿಕೊಳ್ಳಿ.

ಕಲಸುವುದು

ಒಣ ಸಾಮಾನೆಲ್ಲ ಮೊದಲು ಬೆರೆಸಿಟ್ಟುಕೊಳ್ಳಿ. ನೀರನ್ನು ಒಮ್ಮೆಗೇ ಸುರಿಯಬೇಡಿ. ಈ ಅಳತೆಗೆ ಅರ್ಧ ಲೋಟಕ್ಕಿಂತ ಜಾಸ್ತಿ, ಮುಕ್ಕಾಲು ಲೋಟದ ಒಳಗೆ ನೀರು ಹಿಡಿಯುತ್ತದೆ. ಸರಿಯಾಗಿ ಎಷ್ಟು ಅಂತ ಯಾರೂ ಹೇಳಲಾರರು, ಹಿಟ್ಟಿನಿಂದ ಹಿಟ್ಟಿಗೆ ಬೇರೆ. ಮೊದಲು ಕಾಲು ಲೋಟ ಹಾಕಿ ಗಟ್ಟಿಯಾಗಿ ಕಲಸಿ. ಈ ಹಂತದಲ್ಲಿ ಗಂಟು ಒಡೆಯುವುದು ಸುಲಭ. ನೀರಾದ ಹಿಟ್ಟಿನಲ್ಲಿ ಗಂಟುಗಳು ಮೀನಿನ ಹಾಗೆ ಬೆರಳಿಗೆ ಸಿಗದೆ ಓಡಾಡುತ್ತವೆ. ಗಂಟೆಲ್ಲ ಹೋದ ಮೇಲೆ ಚಮಚ ಚಮಚವಾಗಿ ನೀರು ಸೇರಿಸುತ್ತಾ ತೆಳ್ಳಗೆ ಮಾಡಿಕೊಳ್ಳಿ.

ಹದ ಎಲ್ಲಿಗೆ ಬರಬೇಕು? ದೋಸೆ ಹಿಟ್ಟಿಗಿಂತ ಒಂದು ಪಟ್ಟು ಗಟ್ಟಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳು. ಬೆರಳು ಅದ್ದಿ ಎತ್ತಿದರೆ ಹಿಟ್ಟು ಬೆರಳನ್ನು ಪೂರ್ತಿ ಮುಚ್ಚಬೇಕು, ಚರ್ಮ ಕಾಣಬಾರದು. ತುದಿಯಿಂದ ದಾರವಾಗಿ ಸುರಿಯಬಾರದು, ತೊಟ್ಟಾಗಿ ಬೀಳಬೇಕು. ತೆಳುವಾದರೆ ಹೊದಿಕೆ ತರಕಾರಿಯಿಂದ ಜಾರಿ ಎಣ್ಣೆಯಲ್ಲಿ ಬಾಲ ಬಾಲವಾಗಿ ಹರಡುತ್ತದೆ. ಗಟ್ಟಿಯಾದರೆ ಹೊರಗೆ ಕೆಂಪಾದರೂ ಒಳಗೆ ಹಸಿ ಕಡಲೆಹಿಟ್ಟಿನ ಕಹಿ ಉಳಿಯುತ್ತದೆ.

ಹದಕ್ಕೆ ಬಂದ ಮೇಲೆ ಒಂದು ನಿಮಿಷ ಒಂದೇ ದಿಕ್ಕಿಗೆ ಚೆನ್ನಾಗಿ ತಿರುವಿ. ಗಾಳಿ ಸೇರಿ ಹಿಟ್ಟು ಹಗುರಾಗುತ್ತದೆ, ಬಣ್ಣವೂ ಒಂದಿಷ್ಟು ತಿಳಿಯಾಗುತ್ತದೆ. ಸೋಡಾಕ್ಕಿಂತ ಇದು ವಾಸಿ. ಕೊನೆಗೆ ಬಾಣಲೆಯಿಂದ ಒಂದು ಚಮಚ ಕಾದ ಎಣ್ಣೆ ತೆಗೆದು ಹಿಟ್ಟಿಗೆ ಸುರಿದು ಬೆರೆಸಿ. ಚುಂಯ್ ಅನ್ನಬೇಕು. ಈ ಒಂದು ಚಮಚದಿಂದ ಹೊದಿಕೆ ಮುರುಕಾಗುತ್ತದೆ.

ಕಲಸಿದ ಹಿಟ್ಟನ್ನು ಗಂಟೆಗಟ್ಟಲೆ ಇಡಬೇಡಿ. ಉಪ್ಪು ಹಾಕಿ ಇಟ್ಟ ಹಿಟ್ಟು ಸಡಿಲವಾಗುತ್ತದೆ, ಸೋಡಾ ಹಾಕಿದ್ದರೆ ಅದರ ಗುಳ್ಳೆ ಸತ್ತುಹೋಗುತ್ತದೆ. ಹೋಳು ಹೆಚ್ಚಿ ಒರೆಸಿ, ಎಣ್ಣೆ ಒಲೆಯ ಮೇಲಿಟ್ಟು, ಆಮೇಲೆ ನೀರು ಹಾಕಿ ಕಲಸಿ. ಎಣ್ಣೆ ಕಾಯುವಷ್ಟರಲ್ಲಿ ಹಿಟ್ಟು ತಯಾರಾಗಿರುತ್ತದೆ.

ಯಾವ ತರಕಾರಿಗೆ ಏನು ಉಪಚಾರ

ಎಲ್ಲ ತರಕಾರಿಗೂ ಒಂದೇ ಹಿಟ್ಟು ನಡೆಯುತ್ತದೆ, ಆದರೆ ಒಂದೇ ಉಪಚಾರ ನಡೆಯುವುದಿಲ್ಲ. ಹೊರಗಿನ ಹಿಟ್ಟು ಎರಡು ಮೂರು ನಿಮಿಷದಲ್ಲಿ ಬೇಯುತ್ತದೆ. ಒಳಗಿನ ತರಕಾರಿಯೂ ಅಷ್ಟೇ ಹೊತ್ತಿನಲ್ಲಿ ಬೇಯಬೇಕು. ಹೋಳಿನ ದಪ್ಪ ನಿರ್ಧಾರವಾಗುವುದು ಇದರ ಮೇಲೆ.

ಬಾಳೆಕಾಯಿ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಯಿಯಿಲ್ಲ. ನೀರು ಕಡಿಮೆ, ಹೋಳು ಗಟ್ಟಿ, ಹಿಟ್ಟು ಚೆನ್ನಾಗಿ ಹಿಡಿಯುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆಯಿರಿ, ಇಲ್ಲದಿದ್ದರೆ ಕಾಯಿಯ ಅಂಟು ಬೆರಳೆಲ್ಲ ಕಪ್ಪು ಮಾಡುತ್ತದೆ. ಸಿಪ್ಪೆಯನ್ನು ಪೂರ್ತಿ ಕೆತ್ತಬೇಕಾಗಿಲ್ಲ, ಮೇಲಿನ ಪದರ ಹೋದರೆ ಸಾಕು. ಉದ್ದುದ್ದಕ್ಕೆ ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಕಪ್ಪಾಗದ ಹಾಗೆ ನೀರು ಮಜ್ಜಿಗೆಯಲ್ಲಿ ಹಾಕಿಡಿ. ತೆಗೆದ ಮೇಲೆ ಬಟ್ಟೆಯ ಮೇಲೆ ಹರಡಿ ಎರಡೂ ಕಡೆ ಒತ್ತಿ.

ಆಲೂಗಡ್ಡೆಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಇನ್ನೂ ತೆಳ್ಳಗೆ, 2 ಮಿಲಿಮೀಟರ್ ಬಿಲ್ಲೆ ಸಾಕು. ದಪ್ಪವಾದರೆ ಬೇಯುವುದಿಲ್ಲ.

ಹೀರೇಕಾಯಿ ನೀರಿನ ಗಡಿಗೆ. ಏಣುಗಳನ್ನು ಹೆರೆದು, ಸ್ವಲ್ಪ ದಪ್ಪಗೆ, 5 ಮಿಲಿಮೀಟರಿನ ಬಿಲ್ಲೆ ಮಾಡಿ. ಹೆರೆದ ಸಿಪ್ಪೆ ಎಸೆಯಬೇಡಿ, ಚಟ್ನಿಗಾಗುತ್ತದೆ. ಇದಕ್ಕೆ ಉಪ್ಪು ಸವರಿ ಇಡಬಾರದು. ಇಟ್ಟರೆ ಹೋಳು ಸೋತು ಬಟ್ಟೆಯ ಹಾಗಾಗುತ್ತದೆ. ಬದಲಿಗೆ ಎಣ್ಣೆ ಕಾದ ಮೇಲೆಯೇ ಹೆಚ್ಚಿ, ಒರೆಸಿ, ಪ್ರತಿ ಬಿಲ್ಲೆಯ ಮೇಲೆ ಒಣ ಅಕ್ಕಿಹಿಟ್ಟು ತೆಳ್ಳಗೆ ಉದುರಿಸಿ, ಆಮೇಲೆ ಅದ್ದಿ. ಒಣ ಹಿಟ್ಟು ಮೈಮೇಲಿನ ಪಸೆಯನ್ನು ಹೀರಿಕೊಳ್ಳುತ್ತದೆ, ಕಲಸಿದ ಹಿಟ್ಟಿಗೂ ಹಿಡಿತ ಸಿಗುತ್ತದೆ. ನನ್ನ ಚಮಚದ ಬಜ್ಜಿ ಸುಧಾರಿಸಿದ್ದು ಈ ಉಪಾಯದಿಂದ. ಸೌತೆಕಾಯಿ, ಟೊಮೆಟೊ ಬಜ್ಜಿ ಮಾಡುವ ಧೈರ್ಯ ಇರುವವರಿಗೂ ಇದೇ ದಾರಿ.

ಬದನೆಕಾಯಿ ಸ್ಪಂಜಿನ ಥರ. ಒಳಗೆ ಗಾಳಿ ಜಾಸ್ತಿ, ಸಿಕ್ಕಿದ ಎಣ್ಣೆಯನ್ನೆಲ್ಲ ಹೀರುತ್ತದೆ. ಇದಕ್ಕೆ ಮಾತ್ರ ಉಪ್ಪು ಸವರಿ ಹತ್ತು ನಿಮಿಷ ಇಟ್ಟು, ಬಿಟ್ಟ ನೀರನ್ನು ಒತ್ತಿ ತೆಗೆಯಿರಿ. ಹಿಟ್ಟಿನಲ್ಲಿ ಅಷ್ಟು ಉಪ್ಪು ಕಡಿಮೆ ಮಾಡಿ. ಹೊದಿಕೆ ಎಲ್ಲೂ ಬಿಟ್ಟುಹೋಗದ ಹಾಗೆ ಪೂರ್ತಿ ಅದ್ದಬೇಕು.

ಹೂಕೋಸಿನಲ್ಲಿ ಹುಳ ಇರುತ್ತದೆ ಅಂತ ಬಿಸಿ ಉಪ್ಪುನೀರಿಗೆ ಹಾಕುತ್ತೇವಲ್ಲ, ಅಲ್ಲೇ ಅದು ಅರ್ಧ ಬೆಂದಿರುತ್ತದೆ. ಒಳ್ಳೆಯದೇ. ಆದರೆ ಅದರ ಎಸಳುಗಳ ಸಂದಿಯಲ್ಲಿ ನೀರು ಅಡಗಿ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಬಟ್ಟೆಯ ಮೇಲೆ ತಲೆಕೆಳಗಾಗಿ ಹರಡಿ ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ.

ದೊಡ್ಡಪತ್ರೆ ಎಲೆಗೆ, ಪಾಲಕ್ ಎಲೆಗೆ ಹಿಟ್ಟು ಇನ್ನೆರಡು ಚಮಚ ನೀರಿನಷ್ಟು ತೆಳುವಾಗಿರಲಿ. ಒಂದೇ ನಿಮಿಷದಲ್ಲಿ ಆಗಿಬಿಡುತ್ತದೆ. ಕರಾವಳಿಯವರಿಗೆ ಜೀಗುಜ್ಜೆ (ಬ್ರೆಡ್‌ಫ್ರೂಟ್) ಪೋಡಿಯ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ. ಜೀಗುಜ್ಜೆ ಸಿಗದ ಊರಿನವರಿಗೆ ಇಷ್ಟೇ ಹೇಳುತ್ತೇನೆ, ಸಿಕ್ಕಿದ ದಿನ ಬಿಡಬೇಡಿ. ಆಲೂಗಡ್ಡೆಗಿಂತ ಹಿತ, ನಡುವೆ ಮೆತ್ತಗೆ ಬ್ರೆಡ್ಡಿನ ಹಾಗೆ ಬೇಯುತ್ತದೆ.

ಮೆಣಸಿನಕಾಯಿ ಬಜ್ಜಿ

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ದಾವಣಗೆರೆಯವರ ಮುಂದೆ ಮಂಡಕ್ಕಿ ಇಟ್ಟು ಮಿರ್ಚಿ ಕೊಡದಿದ್ದರೆ ಏನಾಗುತ್ತದೆ ಅಂತ ನೋಡಿ ಬೇಕಾದರೆ. ಮಂಡಕ್ಕಿಯಿಂದಲೇ ಮಾಡುವ ಧಾರವಾಡದ ಗಿರ್ಮಿಟ್ಟಿಗೂ ಇದೇ ಜೋಡಿ.

ಉದ್ದನೆಯ, ತಿಳಿ ಹಸಿರಿನ, ತಿರುಳು ದಪ್ಪ ಇರುವ ಬಜ್ಜಿ ಮೆಣಸಿನಕಾಯಿಯೇ ತನ್ನಿ. ತೊಟ್ಟು ಕೀಳಬೇಡಿ, ಅದ್ದುವುದಕ್ಕೆ ಹಿಡಿ ಅದೇ. ತುದಿ ಮತ್ತು ತೊಟ್ಟು ಬಿಟ್ಟು ನಡುವೆ ಉದ್ದಕ್ಕೆ ಒಂದು ಸೀಳು ಹಾಕಿ. ಸೀಳದೆ ಎಣ್ಣೆಗೆ ಹಾಕಿದರೆ ಒಳಗಿನ ಗಾಳಿ, ನೀರು ಎರಡೂ ಹಿಗ್ಗಿ ಕಾಯಿ ಸಿಡಿಯುತ್ತದೆ. ಒಮ್ಮೆ ನನ್ನ ಅಡುಗೆಮನೆಯ ಚಾವಣಿಗೆ ಎಣ್ಣೆಯ ಗುರುತು ಬಿದ್ದದ್ದು ಹೀಗೇ. ಆಗ ಪುಣ್ಯಕ್ಕೆ ನಾನು ಒಂದು ಹೆಜ್ಜೆ ಹಿಂದೆ ನಿಂತಿದ್ದೆ.

ಖಾರ ತೆಗೆಯಬೇಕು ಅಂತ ಎಲ್ಲರೂ ಬೀಜ ಕೆರೆಯುತ್ತಾರೆ. ಖಾರ ನಿಜವಾಗಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಖಾರ ಕೊಡುವ ಕ್ಯಾಪ್ಸೈಸಿನ್ ಅಲ್ಲಿ ಹುಟ್ಟುತ್ತದೆ, ಬೀಜಕ್ಕೆ ಅದರಿಂದ ಸೋಕಿರುತ್ತದೆ ಅಷ್ಟೇ. ಚಿಕ್ಕ ಚಮಚದ ಹಿಡಿಯಿಂದ ಆ ಬಿಳಿ ಎಳೆಯನ್ನೇ ಎಳೆದು ತೆಗೆಯಿರಿ. ಆಮೇಲೆ ಕಣ್ಣು ಮುಟ್ಟಿಕೊಳ್ಳಬೇಡಿ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೈಗೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆದರೆ ಉರಿ ಇಳಿಯುತ್ತದೆ.

ಒಳಗೆ ಸವರಲು: ಗಟ್ಟಿ ಹುಣಸೆ ರಸ ಎರಡು ಚಮಚ, ಜೀರಿಗೆ ಪುಡಿ ಅರ್ಧ ಚಮಚ, ಓಮ ಒಂದು ಚಿಟಿಕೆ, ಉಪ್ಪು, ಇದನ್ನೆಲ್ಲ ಹಿಡಿದುಕೊಳ್ಳಲು ಒಂದು ಚಮಚ ಕಡಲೆಹಿಟ್ಟು. ಲೇಹದ ಹಾಗೆ ಕಲಸಿ ಸೀಳಿನೊಳಗೆ ತೆಳ್ಳಗೆ ಬಳಿಯಿರಿ. ಹುಳಿ ಬಿದ್ದರೆ ಖಾರ ನಾಲಿಗೆಗೆ ಒಗ್ಗುತ್ತದೆ.

ಮೆಣಸಿನಕಾಯಿಯ ಮೈ ನುಣುಪು, ಹಿಟ್ಟು ಜಾರುತ್ತದೆ. ಇಲ್ಲೂ ಒಣ ಅಕ್ಕಿಹಿಟ್ಟು ಸವರುವ ಉಪಾಯ ಮಾಡಿ. ಅಗಲ ಬಟ್ಟಲಿನ ಬದಲು ಉದ್ದನೆಯ ಲೋಟದಲ್ಲಿ ಹಿಟ್ಟು ತುಂಬಿಕೊಂಡರೆ ಕಾಯಿ ಪೂರ್ತಿ ಮುಳುಗುತ್ತದೆ. ಎತ್ತುವಾಗ ಲೋಟದ ಅಂಚಿಗೆ ಒಂದು ಕಡೆ ಸವರಿ. ಆ ಕಡೆ ಹಿಟ್ಟು ತೆಳುವಾಗಿ ಅಲ್ಲಿಂದ ಆವಿ ಹೊರಗೆ ಹೋಗಲು ದಾರಿಯಾಗುತ್ತದೆ.

ಎಣ್ಣೆ

ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಆದೀತು. ಕರಾವಳಿಯಲ್ಲಿ ತೆಂಗಿನೆಣ್ಣೆ. ಬಾಣಲೆ ಚಿಕ್ಕದಿರಲಿ, ಆಳವಿರಲಿ. ಅಗಲ ಬಾಣಲೆಗೆ ಸುಮ್ನೆ ಎಣ್ಣೆ ಜಾಸ್ತಿ ಬೇಕು. ಎರಡು ಇಂಚು ಎಣ್ಣೆ ಇದ್ದರೆ ಸಾಕು, ಆದರೆ ಬಾಣಲೆಯ ಅರ್ಧಕ್ಕಿಂತ ಮೇಲೆ ಬರಬಾರದು. ಹೋಳು ಬಿದ್ದಾಗ ಎಣ್ಣೆ ನೊರೆಯೆದ್ದು ಮೇಲೇರುತ್ತದೆ.

ಹದವಾದ ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಯಾರ ಮನೆಯಲ್ಲಿರುತ್ತದೆ ಹೇಳಿ? ಒಂದು ತೊಟ್ಟು ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಬಿದ್ದ ಕೂಡಲೇ ಮೇಲೆ ಹಾರಿ ಕೆಲವೇ ಕ್ಷಣದಲ್ಲಿ ಕೆಂಪಾದರೆ ಜಾಸ್ತಿ ಕಾದಿದೆ. ಅರ್ಧ ಇಳಿದು, ಗುಳ್ಳೆ ಸುತ್ತಿಕೊಂಡು ಮೇಲೆ ತೇಲಿದರೆ ಸರಿ. ಹೊಗೆ ಬರುವವರೆಗೆ ಕಾಯಿಸಬೇಡಿ.

ಇಷ್ಟೊಂದು ಕಾವು ಯಾಕೆ ಅಂದರೆ, ನೀರು 100 ಡಿಗ್ರಿಗೆ ಆವಿಯಾಗುತ್ತದೆ. ಕಾದ ಎಣ್ಣೆಗೆ ಹಿಟ್ಟು ಬಿದ್ದ ಕೂಡಲೇ ಅದರ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ನಾವು ಕಾಣುವ ಗುಳ್ಳೆ ಎಣ್ಣೆಯದ್ದಲ್ಲ, ಆ ಆವಿಯದ್ದು. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಜಾಗ ಇಲ್ಲ. ಎಣ್ಣೆ ತಣ್ಣಗಿದ್ದರೆ ಆವಿಗೆ ಆ ಬಲ ಇರುವುದಿಲ್ಲ. ಹೊದಿಕೆ ಗಟ್ಟಿಯಾಗುವ ಮೊದಲೇ ಎಣ್ಣೆ ಕುಡಿದು ಭಾರವಾಗುತ್ತದೆ. ಎಣ್ಣೆ ಕಡಿಮೆ ತಿನ್ನಬೇಕು ಅಂತ ಉರಿ ಸಣ್ಣ ಮಾಡುವವರಿದ್ದಾರೆ. ಅವರು ತಿನ್ನುವುದು ಜಾಸ್ತಿ ಎಣ್ಣೆ!

ಅದ್ದಿದ ಹೋಳನ್ನು ಎತ್ತರದಿಂದ ಹಾಕಬೇಡಿ. ಎಣ್ಣೆಯ ಹತ್ತಿರ ಕೈ ತಂದು, ನಿಮ್ಮಿಂದ ಆಚೆಗೆ ಜಾರಿಸಿ ಬಿಡಿ. ಭಯಪಟ್ಟು ದೂರದಿಂದ ಎಸೆದರೇ ಎಣ್ಣೆ ಹಾರುವುದು. ಒಂದು ಸಲಕ್ಕೆ ಎಣ್ಣೆಯ ಮೇಲ್ಮೈಯ ಅರ್ಧ ತುಂಬುವಷ್ಟು ಮಾತ್ರ. ಹತ್ತು ಹೋಳು ಒಟ್ಟಿಗೆ ಬಿದ್ದರೆ ಎಣ್ಣೆಯ ಕಾವು ದಬಕ್ಕನೆ ಇಳಿಯುತ್ತದೆ. ಮನೆ ತುಂಬ ಜನ ತಟ್ಟೆ ಹಿಡಿದು ನಿಂತಿದ್ದರೂ ಅವಸರ ಮಾಡಬೇಡಿ.

ಹಾಕಿದ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ. ಹಿಟ್ಟು ಮೆತ್ತಗಿರುವಾಗ ಸೌಟು ತಾಗಿದರೆ ಹೊದಿಕೆ ಹರಿಯುತ್ತದೆ. ಕೆಳಗೆ ಗಟ್ಟಿಯಾದ ಮೇಲೆ ತಿರುವಿ. ಉರಿ ಮಧ್ಯಮದಲ್ಲಿರಲಿ, ಹೊಸ ಹೋಳು ಹಾಕಿದಾಗ ಸ್ವಲ್ಪ ಜೋರು ಮಾಡಿ ಮತ್ತೆ ಇಳಿಸಿ.

ಬಣ್ಣಕ್ಕಿಂತ ನಾನು ನಂಬುವುದು ಸದ್ದನ್ನು. ಮೊದಲು ಜೋರು ಮಳೆಯ ಹಾಗೆ ಸುರಿಯುವ ಸದ್ದು. ನೀರು ಕಡಿಮೆಯಾಗುತ್ತಾ ಬಂದ ಹಾಗೆ ಅದು ತುಂತುರಾಗುತ್ತದೆ, ಗುಳ್ಳೆಯೂ ಸಣ್ಣದಾಗುತ್ತದೆ. ಸದ್ದು ಪಿಸುಮಾತಿಗೆ ಇಳಿದಾಗ ತೆಗೆಯಿರಿ. ಬಣ್ಣ ಬಂದಿದೆ ಅಂತ ಸದ್ದು ಜೋರಿರುವಾಗಲೇ ತೆಗೆದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಅಂಥ ಬಜ್ಜಿ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ.

ತೆಗೆಯುವ ಗಳಿಗೆಯೂ ಮುಖ್ಯ. ಬಜ್ಜಿ ಎಣ್ಣೆ ಎಳೆದುಕೊಳ್ಳುವುದು ಬಾಣಲೆಯಲ್ಲಿ ಇರುವಾಗಿನದಕ್ಕಿಂತ ಹೊರಗೆ ಬಂದ ಮೇಲೆ ಜಾಸ್ತಿ. ತಣ್ಣಗಾಗುತ್ತಿದ್ದಂತೆ ಒಳಗಿನ ಆವಿ ಕುಗ್ಗಿ ಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆಯುತ್ತದೆ. ಹಾಗಾಗಿ ತೂತಿನ ಸೌಟಲ್ಲಿ ಎತ್ತಿ ಬಾಣಲೆಯ ಅಂಚಿಗೆ ಎರಡು ಸಲ ತಟ್ಟಿ, ಬಿಸಿ ಇರುವಾಗಲೇ ಎಣ್ಣೆ ಬಸಿಯಲು ಬಿಡಿ. ಜರಡಿಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಮುಚ್ಚಬೇಡಿ, ಡಬ್ಬಕ್ಕೆ ಹಾಕಬೇಡಿ. ಹಳೆ ನ್ಯೂಸ್‌ಪೇಪರ್ ಮೇಲಂತೂ ಬೇಡವೇ ಬೇಡ. ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ. ತಿಂಡಿ ಕಟ್ಟಲು ನ್ಯೂಸ್‌ಪೇಪರ್ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಪ್ಯಾಕೇಜಿಂಗ್ ನಿಯಮದಲ್ಲೇ ಹೇಳಿದೆ.

ಒಂದು ಎಚ್ಚರಿಕೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ನೀರು ಎಣ್ಣೆಯ ಕೆಳಗೆ ಇಳಿದು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಮನೆಯೆಲ್ಲ ಎರಚುತ್ತದೆ. ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ, ಬಾಣಲೆ ಅಲ್ಲಾಡಿಸದೆ ಹಾಗೇ ಬಿಡಿ. ಬಾಣಲೆಗೆ ಸರಿಹೊಂದುವ ಒಂದು ತಟ್ಟೆ ಪಕ್ಕದಲ್ಲೇ ಇಟ್ಟುಕೊಂಡು ಕರಿಯಲು ಶುರುಮಾಡಿ.

ಈರುಳ್ಳಿ ಪಕೋಡ

ಇಲ್ಲಿ ನೀರಿನ ಲೆಕ್ಕ ತಲೆಕೆಳಗು. ಬಜ್ಜಿಯಲ್ಲಿ ತರಕಾರಿಯ ನೀರನ್ನು ಓಡಿಸಿದೆವು, ಪಕೋಡಕ್ಕೆ ಅದೇ ನೀರು ಬಂಡವಾಳ.

ಮೂರು ದೊಡ್ಡ ಈರುಳ್ಳಿಯನ್ನು ಉದ್ದಕ್ಕೆ, ಎಳೆ ಎಳೆಯಾಗಿ ಹೆಚ್ಚಿ. ಒಂದು ಚಿಕ್ಕ ಚಮಚ ಉಪ್ಪು ಹಾಕಿ, ಎಸಳು ಬಿಡಿಸುತ್ತಾ ಕೈಯಲ್ಲಿ ಹಿಸುಕಿ, ಹತ್ತು ನಿಮಿಷ ಬಿಡಿ. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ. ಹೆಚ್ಚಿದ ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು ಸೇರಿಸಿ. ಸಬ್ಬಸಿಗೆ ಸೊಪ್ಪು ಇದ್ದರೆ ಒಂದು ಹಿಡಿ ಹಾಕಿ, ಬೇರೇನೂ ಬೇಡ ಅನ್ನುವಷ್ಟು ಘಮ. ಆಮೇಲೆ ಕಡಲೆಹಿಟ್ಟನ್ನು ಹಿಡಿ ಹಿಡಿಯಾಗಿ ಉದುರಿಸಿ. ಮುಕ್ಕಾಲು ಲೋಟ ಹಿಡಿಯಬಹುದು. ಜೊತೆಗೆ ಎರಡು ಚಮಚ ಅಕ್ಕಿಹಿಟ್ಟು, ಒಂದು ಚಮಚ ಕಾದ ಎಣ್ಣೆ. ನೀರಿನ ಲೋಟದ ಕಡೆ ಕೈ ಹೋಗುತ್ತದೆ, ತಡೆಯಿರಿ. ಎರಡು ನಿಮಿಷ ಕಲಸಿದರೆ ಒಣಗಿದ್ದಂತೆ ಕಂಡ ಹಿಟ್ಟು ತಾನೇ ಅಂಟಿಕೊಳ್ಳುತ್ತದೆ. ಅಷ್ಟಾದರೂ ಉದುರುತ್ತಿದ್ದರೆ ಮಾತ್ರ ಕೈಯಲ್ಲಿ ನೀರು ಚಿಮುಕಿಸಿ.

ಈರುಳ್ಳಿ ಕಾಣಬೇಕು, ಹಿಟ್ಟು ಅದಕ್ಕೆ ಮೆತ್ತಿಕೊಂಡಿರಬೇಕು, ಅಷ್ಟೇ. ಉಂಡೆ ಕಟ್ಟದೆ ಬೆರಳಿಂದ ಸಡಿಲವಾಗಿ ಉದುರಿಸಿ. ಅಲ್ಲಲ್ಲಿ ಚಾಚಿಕೊಂಡ ಎಳೆಗಳೇ ಗರಿಗರಿಯಾಗುವುದು. ಕಾವು ಬಜ್ಜಿಗಿಂತ ಒಂದು ಮೆಟ್ಟಿಲು ಕಡಿಮೆ ಇರಲಿ, ನಿಧಾನವಾಗಿ ಕರಿಯಿರಿ. ಈರುಳ್ಳಿಯಲ್ಲಿ ಸಕ್ಕರೆ ಇದೆ, ಜೋರು ಉರಿಗೆ ಬೇಗ ಕಪ್ಪಾಗಿ ಕಹಿಯಾಗುತ್ತದೆ. ಕಲಸಿ ಇಟ್ಟರೆ ಈರುಳ್ಳಿ ನೀರು ಬಿಡುತ್ತಲೇ ಇರುತ್ತದೆ. ಹೀಗಾಗಿ ಅರ್ಧಕ್ಕೆ ಮಾತ್ರ ಹಿಟ್ಟು ಬೆರೆಸಿ ಕರಿದು, ಉಳಿದರ್ಧ ಆಮೇಲೆ ಕಲಸಿ.

ಆಲೂ ಬೋಂಡದ ಬಗ್ಗೆ ಎರಡೇ ಮಾತು. ಬೇಯಿಸಿದ ಆಲೂಗಡ್ಡೆಯನ್ನು ಬಿಸಿಯಿರುವಾಗ ಸಿಪ್ಪೆ ಸುಲಿದು ಹರಡಿ, ಆವಿ ಹೋಗಲಿ, ಆಮೇಲೆ ಪುಡಿಮಾಡಿ ಒಗ್ಗರಣೆ ಕೊಡಿ. ಉಂಡೆ ಪೂರ್ತಿ ತಣ್ಣಗಾದ ಮೇಲೆಯೇ ಅದ್ದಿ. ಬಿಸಿ ಉಂಡೆ ಎಣ್ಣೆಯಲ್ಲಿ ಒಡೆದರೆ ಆ ಬಾಣಲೆಯ ಕಥೆ ಅಲ್ಲಿಗೆ ಮುಗಿಯಿತು.

ಉಳಿದದ್ದು

ನೆಂಟರು ಬರುವ ದಿನ ಮೊದಲೇ ಅರ್ಧ ಕೆಲಸ ಮುಗಿಸಬಹುದು. ಬಜ್ಜಿ ತಿಳಿ ಹಳದಿ ಇರುವಾಗಲೇ ತೆಗೆದು ಹರಡಿಡಿ. ಅವರು ಕೂತ ಮೇಲೆ ಎಣ್ಣೆ ಸ್ವಲ್ಪ ಜೋರು ಕಾಯಿಸಿ ಒಂದು ನಿಮಿಷ ಮತ್ತೆ ಕರಿಯಿರಿ. ಮೊದಲಿನದಕ್ಕಿಂತ ಗರಿಯಾಗಿಯೇ ಬರುತ್ತದೆ, ಯಾಕೆಂದರೆ ನಡುವೆ ಒಳಗಿನ ಪಸೆ ಹೊದಿಕೆಗೆ ಬಂದಿರುತ್ತದೆ, ಎರಡನೇ ಸಲಕ್ಕೆ ಅದೂ ಹೋಗುತ್ತದೆ. ಮೆಣಸಿನಕಾಯಿ ಬಜ್ಜಿಯನ್ನು ತುಂಡು ಮಾಡಿ ಎರಡನೇ ಸಲ ಕರಿದರೆ ಅದೇ ಕಟ್ ಮಿರ್ಚಿ. ಸೀಳಿ, ಒಳಗೆ ಹಸಿ ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆರಸ ತುಂಬಿದರೆ ಮಸಾಲೆ ಬಜ್ಜಿ.

ತಣ್ಣಗಾದದ್ದನ್ನು ಬಿಸಿಮಾಡಲು ಮೈಕ್ರೋವೇವ್ ಬೇಡ. ಅದು ಒಳಗಿನ ನೀರನ್ನೇ ಕುದಿಸಿ ಹೊದಿಕೆಯನ್ನು ಒದ್ದೆ ಮಾಡುತ್ತದೆ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ತಿರುವಿ ತಿರುವಿ ಬಿಸಿಮಾಡಿ. ಏರ್ ಫ್ರೈಯರ್ ಇದ್ದವರು ಬಿಸಿಮಾಡಲು ಅದನ್ನು ಬಳಸಬಹುದು. ಹಸಿ ಹಿಟ್ಟಲ್ಲಿ ಅದ್ದಿದ ಬಜ್ಜಿಯನ್ನು ಅದರಲ್ಲೇ ಮಾಡುತ್ತೇನೆ ಅಂದರೆ, ಹಿಟ್ಟೆಲ್ಲ ಜಾಲರಿಯ ಕೆಳಗೆ ಸೋರುತ್ತದೆ. ಎಣ್ಣೆಯಲ್ಲಿ ಕರಿಯುವುದೇ ಬೇಡ ಅನ್ನುವವರಿಗೆ ಪಡ್ಡಿನ ಕಾವಲಿ ವಾಸಿ. ಗುಳಿಗೊಂದು ಚಮಚ ಎಣ್ಣೆ ಹಾಕಿ ಆಲೂ ಬೋಂಡ ಬೇಯಿಸಿದರೆ ರುಚಿಯಲ್ಲಿ ಮೋಸವಿಲ್ಲ, ಗರಿ ಮಾತ್ರ ಕಡಿಮೆ.

ಕರಿದ ಎಣ್ಣೆ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಕೂತ ಹಿಟ್ಟಿನ ಚೂರುಗಳೇ ಎಣ್ಣೆಯನ್ನು ಬೇಗ ಕೆಡಿಸುವುದು. ಹೊಸ ಎಣ್ಣೆಯ ಡಬ್ಬಕ್ಕೆ ಮರಳಿ ಸುರಿಯದೆ ಬೇರೆ ಪಾತ್ರೆಯಲ್ಲಿಟ್ಟು, ಒಗ್ಗರಣೆಗೆ, ಪಲ್ಯಕ್ಕೆ ಕೆಲವು ದಿನದಲ್ಲೇ ಮುಗಿಸಿ. ಹೋಟೆಲುಗಳಿಗೆ ಇದರ ಮೇಲೆ ನಿಯಮವೇ ಇದೆ. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಧ್ರುವೀಯ ಸಂಯುಕ್ತಗಳು (ಪೋಲಾರ್ ಕಾಂಪೌಂಡ್ಸ್) ಅದರಲ್ಲಿ ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ, 2018ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲು ಆಗುವುದಿಲ್ಲ, ಆದರೆ ಎಣ್ಣೆ ತಾನೇ ಹೇಳುತ್ತದೆ. ಕಾಯಿಸಿದರೆ ಸಣ್ಣ ಗುಳ್ಳೆಯ ನೊರೆ ನಿಲ್ಲದೆ ಬರುತ್ತದೆ, ಬೆರಳಿಗೆ ಅಂಟಂಟು, ಹೊಗೆ ಬೇಗ. ಅದನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಬೇರೆ ಇಡಿ.

ತಟ್ಟೆಯಲ್ಲಿ ಉಪ್ಪು ಕಡಿಮೆ ಅನಿಸಿದರೆ ಮೇಲಿಂದ ಉದುರಿಸುವುದಕ್ಕಿಂತ ಚಟ್ನಿಗೆ ಒಂದು ಚಿಟಿಕೆ ಜಾಸ್ತಿ ಹಾಕಿ. ನಮ್ಮನೆಯಲ್ಲಿ ಅದಕ್ಕೆ ತೆಂಗಿನತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಒಂದೆಸಳು ಹುಣಸೆ, ಅಷ್ಟೇ. ಗಟ್ಟಿಯಾಗಿ ರುಬ್ಬಿ. ಅಲ್ಲೂ ನೀರು ಜಾಸ್ತಿಯಾದರೆ ಬಜ್ಜಿಯ ಮೈ ಮತ್ತೆ ಒದ್ದೆಯಾಗುತ್ತದೆ, ಅಲ್ವಾ?